ಗಿಣ್ಣು ಹಾಲಿಗೆ ಲೀಟರಿಗೆ 150 ರೂಪಾಯಿ ಕೊಡ್ತಾರಂತೆ. ಕೊಡೋದಾ, ಬೇಡ್ವಾ?

ಆಲೂರು ಹೈನುಗಾರ | ಸೋಮವಾರ ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಮೂರು ಹಸು ಇವೆ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ), ಒಂದು ಜೆರ್ಸಿ. ದೊಡ್ಡ ಎಚ್‌ಎಫ್ ಈ ವಾರ ಕರು ಹಾಕುತ್ತೆ, ಆಗಲೇ ಕೆಚ್ಚಲು ಇಳಿಬಿಟ್ಟಿದೆ. ನಿನ್ನೆ ಡೈರಿಗೆ ಹಾಲು ಹಾಕಿ ಬರುವಾಗ ಬೈಕಿನಲ್ಲಿ ಬಂದವರೊಬ್ಬರು ನಿಲ್ಲಿಸಿ ಮಾತಾಡಿಸಿದರು. ಗಿಣ್ಣು ಹಾಲು ಬೇಕಂತೆ, ಲೀಟರಿಗೆ 150 ಕೊಡ್ತಾರಂತೆ. ಆದರೆ ಮೊದಲನೇ ಸಲ ಕರೆದಿದ್ದೇ ಆಗಬೇಕು, ಎರಡನೇದು ಬೇಡ. ರಾತ್ರಿ ಎರಡು ಗಂಟೆಗೆ ಕರು ಹಾಕಿದರೂ ಫೋನ್ ಮಾಡಿ, ಐಸ್ ಡಬ್ಬ ತಗೊಂಡು ಬರ್ತೀನಿ ಅಂದರು.

ಡೈರಿಯಲ್ಲಿ ಗಿಣ್ಣು ಹಾಲು ಸೇರಿಸೋದೇ ಇಲ್ಲ. ಇವರಿಗೆ ಯಾಕೆ ಇಷ್ಟು ಆಸೆ ಅಂತ ನೋಡಿದರೆ, ಬೆಂಗಳೂರಲ್ಲಿರುವ ನಮ್ಮ ಅತ್ತಿಗೆ ಫೋಟೋ ಕಳಿಸಿದರು. ಗಿಣ್ಣು ಹಾಲಿನ ಪುಡಿ. ಅಂಗೈಯಷ್ಟು ಡಬ್ಬಕ್ಕೆ 1,850 ರೂಪಾಯಿ. ಮೇಲೆ 'ನೈಸರ್ಗಿಕ ರೋಗನಿರೋಧಕ' ಅಂತ ಬರೆದಿದೆ. ಅವರು ದಿನಾ ಬೆಳಿಗ್ಗೆ ಒಂದು ಚಮಚ ಕಲಸಿ ಕುಡಿಯುತ್ತಾರಂತೆ.

ನನಗಿರೋದು ಎರಡೇ ಪ್ರಶ್ನೆ. ಮಾರಲಾ? ಆ ಪುಡಿಯಲ್ಲಿ ನಿಜವಾಗಿ ಏನಾದರೂ ಇದೆಯಾ?

ಬೇಲೂರು ಹುಡುಗ | ಸೋಮವಾರ ರಾತ್ರಿ 8.25

ಇದರಲ್ಲಿ ಯೋಚನೆ ಏನಣ್ಣಾ. ಹಿಂಡಿ ರೇಟು, ಬೂಸದ ರೇಟು ನೋಡಿದ್ದೀಯಲ್ಲ. ಒಂದೇ ಸಲಕ್ಕೆ ಏಳೆಂಟು ಲೀಟರ್ ಸಿಕ್ಕರೆ ಸಾವಿರ ದಾಟುತ್ತೆ. ಕೊಟ್ಟುಬಿಡು.

ನಿವೃತ್ತ ಪಶುವೈದ್ಯ, ಅರಸೀಕೆರೆ | ಸೋಮವಾರ ರಾತ್ರಿ 9.05

ಕೊಡುವ ಮೊದಲು ಕರುವನ್ನು ಒಂದು ಮಾತು ಕೇಳಿ.

ತಮಾಷೆಗೆ ಹೇಳುತ್ತಿಲ್ಲ. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗದ ವಿರುದ್ಧದ ಪ್ರತಿಕಾಯಗಳು ಮಗುವಿಗೆ ಹೋಗುತ್ತವೆ. ಹಸುವಿನಲ್ಲಿ ಹಾಗಿಲ್ಲ. ಅದರ ಮಾಸು, ಅಂದರೆ ಕರು ಹುಟ್ಟಿದ ಮೇಲೆ ಹೊರಬೀಳುವ ಪೊರೆ, ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಕರು ಹುಟ್ಟುವಾಗ ಈ ವಿಷಯದಲ್ಲಿ ಬರಿಗೈ. ತಾಯಿ ಕೊಡುವ ಎಲ್ಲ ರಕ್ಷಣೆಯೂ ಗಿಣ್ಣಿನಲ್ಲೇ ಬರಬೇಕು. ಅದೂ ಬೇಗ ಬರಬೇಕು. ಹುಟ್ಟಿದ ಕರುವಿನ ಕರುಳು ಆ ದೊಡ್ಡ ಪ್ರೋಟೀನುಗಳನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಗಂಟೆ ಗಂಟೆಗೂ ಆ ಬಾಗಿಲು ಮುಚ್ಚುತ್ತಾ ಬರುತ್ತದೆ. 24 ಗಂಟೆ ಹೊತ್ತಿಗೆ ಪೂರ್ತಿ ಬಂದ್. ಆಮೇಲೆ ಬಕೆಟ್‌ಗಟ್ಟಲೆ ಕುಡಿಸಿದರೂ ರಕ್ತಕ್ಕೆ ಹೋಗುವುದಿಲ್ಲ.

ಕರುವಿನ ತೂಕದ ಹತ್ತನೇ ಒಂದು ಭಾಗ ಗಿಣ್ಣು ಅದಕ್ಕೆ ಸಿಗಬೇಕು. 30 ಕಿಲೋ ಕರುವಿಗೆ 3 ಲೀಟರ್. ಮೊದಲ ಒಂದೆರಡು ಗಂಟೆಯಲ್ಲೇ ಶುರು ಮಾಡಿ. ಒಳ್ಳೆಯ ಗಿಣ್ಣಿನಲ್ಲಿ ಲೀಟರಿಗೆ 50 ಗ್ರಾಂಗಿಂತ ಜಾಸ್ತಿ ಪ್ರತಿಕಾಯ ಇರುತ್ತದೆ. ಮಾಮೂಲಿ ಹಾಲಿನಲ್ಲಿ ಒಂದು ಗ್ರಾಂ ಕೂಡ ಇರುವುದಿಲ್ಲ. ಎರಡನೇ ಸಲ ಕರೆಯುವಷ್ಟರಲ್ಲೇ ಅದು ಬಹಳ ಇಳಿದಿರುತ್ತದೆ. ಬೈಕಿನವರು ಮೊದಲನೇದೇ ಬೇಕು ಅಂದಿದ್ದು ಅದಕ್ಕೇ. ಅವರಿಗೆ ಬೇಕಾಗಿರುವುದೂ ಕರುವಿಗೆ ಬೇಕಾಗಿರುವುದೂ ಒಂದೇ ಹಾಲು.

ಇನ್ನೊಂದು ಮಾತು, ಇದನ್ನು ಸರ್ವಿಸ್‌ನಲ್ಲಿ ಇದ್ದಷ್ಟು ದಿನವೂ ಹೇಳಿ ಸಾಕಾಗಿದೆ. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಅಂತ ನಮ್ಮ ಕಡೆ ಕಟ್ಟಿಹಾಕುತ್ತಾರೆ. ತಪ್ಪು. ಕರು ಚೀಪಿದರೇ ಗರ್ಭಕೋಶ ಕುಗ್ಗಿ ಮಾಸು ಬೀಳಲು ಸಹಾಯ ಆಗುತ್ತದೆ. ಆರೇಳು ಗಂಟೆ ಕಾದು ಕೂತರೆ ಕರುವಿನ ಒಳ್ಳೆಯ ಹೊತ್ತೆಲ್ಲಾ ಹೋಗುತ್ತದೆ. ಹತ್ತು ದಿನಕ್ಕೆ ಬೇಧಿ ಹತ್ತಿ ಕರು ಸತ್ತರೆ 'ದೃಷ್ಟಿ ಆಯ್ತು' ಅನ್ನುತ್ತಾರೆ.

ಅಜ್ಜಂಪುರದ ಅಕ್ಕ | ಸೋಮವಾರ ರಾತ್ರಿ 9.30

ಡಾಕ್ಟ್ರೇ, ಕರು ಕುಡಿದು ಮಿಕ್ಕಿದ್ದನ್ನೇ ನಾವೂ ಗಿಣ್ಣು ಮಾಡೋದು. ನಮ್ಮತ್ತೆ ಹೇಳಿಕೊಟ್ಟಿದ್ದು ಹೀಗೆ: ಬೆಲ್ಲ ಕರಗಿಸಿ ಸೋಸಿಕೊಂಡು ಹಾಲಿಗೆ ಬೆರೆಸು, ಏಲಕ್ಕಿ ಹಾಕು, ಪಾತ್ರೆ ಮುಚ್ಚಿ ಇಡ್ಲಿ ದಬರಿಯಲ್ಲಿ ಬೇಯಿಸು. ಚಾಕು ಚುಚ್ಚಿ ತೆಗೆದರೆ ಏನೂ ಅಂಟಬಾರದು, ಆಗ ಆಯ್ತು ಅಂತ. ಮೊದಲ ದಿನದ ಹಾಲಾದರೆ ಅರ್ಧಕ್ಕರ್ಧ ಮಾಮೂಲಿ ಹಾಲು ಸೇರಿಸದಿದ್ದರೆ ರಬ್ಬರ್ ಥರ ಆಗುತ್ತೆ. ಮಕ್ಕಳಿಗೆ ಕೊಡುವಾಗ 'ತಿನ್ನು, ಮೈಗೆ ಶಕ್ತಿ' ಅಂತ ಹೇಳಿಯೇ ಕೊಡೋದು. ಹಾಗಾದರೆ ಆ ಡಬ್ಬದಲ್ಲಿರೋ ಗುಣ ನಮ್ಮ ಗಿಣ್ಣಿನಲ್ಲೂ ಇರಬೇಕಲ್ವಾ?

ಪಶು ಕಾಲೇಜು ವಿದ್ಯಾರ್ಥಿನಿ, ಹಾಸನ | ಸೋಮವಾರ ರಾತ್ರಿ 10.15

ಅಕ್ಕಾ, ನಿಮ್ಮ ರಬ್ಬರ್‌ನಲ್ಲೇ ಉತ್ತರ ಇದೆ! ಮಾಮೂಲಿ ಹಾಲು ಕಾಯಿಸಿದರೆ ಗಟ್ಟಿ ಆಗಲ್ಲ, ಗಿಣ್ಣು ಹಾಲು ಆಗುತ್ತೆ. ಯಾಕೆ ಅಂದರೆ ಅದರಲ್ಲಿ ಪ್ರತಿಕಾಯಗಳಂಥ ಪ್ರೋಟೀನು ತುಂಬಿರುತ್ತೆ. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾದ ಹಾಗೆ ಅವು ಬಿಸಿಗೆ ಬೆಂದು ಹೆಪ್ಪುಗಟ್ಟುತ್ತವೆ. ಅಂದರೆ ನೀವು ಚಾಕು ಚುಚ್ಚಿ ನೋಡ್ತಿರೋದೇ ಬೆಂದ ಪ್ರತಿಕಾಯವನ್ನ. ಬೆಂದ ಮೇಲೆ ಅದು ಒಳ್ಳೆಯ ಪ್ರೋಟೀನು ಅಷ್ಟೇ, ರೋಗದ ಜೊತೆ ಹೊಡೆದಾಡೋ ಕೆಲಸ ಮುಗೀತು. ತಿನ್ನೋಕೆ ಮಾತ್ರ ಸೂಪರ್, ನಾನೂ ಬಿಡಲ್ಲ.

ಹಾಗಂತ ಹಸಿಯಾಗಿ ಕುಡಿಯೋಕೆ ಹೋಗಬೇಡಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ (ದನದಿಂದ ಬರೋ ಒಂದು ಜ್ವರ), ಕ್ಷಯ ಎರಡೂ ಬರಬಹುದು.

ಹಾಲಲ್ಲಿ ಪ್ರತಿಕಾಯ ಬಿಟ್ಟು ಬೇರೆ ಕಾವಲುಗಾರರೂ ಇದ್ದಾರೆ. ಲ್ಯಾಕ್ಟೋಫೆರಿನ್ ಅಂತ ಒಂದು ಪ್ರೋಟೀನು. ಬ್ಯಾಕ್ಟೀರಿಯಾ ಬೆಳೆಯೋಕೆ ಕಬ್ಬಿಣ ಬೇಕು. ಇದು ಕಬ್ಬಿಣವನ್ನ ಹಿಡಿದಿಟ್ಟುಕೊಂಡುಬಿಡುತ್ತೆ. ಪಂಕ್ತಿಯಲ್ಲಿ ಕೂರಿಸಿ ಎಲೆ ಎತ್ತಿಕೊಂಡು ಹೋದ ಹಾಗೆ. ಮಾಮೂಲಿ ಹಾಲಲ್ಲಿ ಲೀಟರಿಗೆ ಸುಮಾರು 0.1 ಗ್ರಾಂ ಇರುತ್ತೆ, ಗಿಣ್ಣಿನಲ್ಲಿ ಅದರ ಹತ್ತು ಪಟ್ಟು ಇರಬಹುದು. ಇನ್ನೊಂದು ಲೈಸೋಜೈಮ್. ಇದು ಕೋಳಿಮೊಟ್ಟೆಯ ಬಿಳಿಯಲ್ಲಿ ಜಾಸ್ತಿ. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡಿದ್ದು 1928ರಲ್ಲಿ. ಅದಕ್ಕೂ ಮುಂಚೆ 1921ರಲ್ಲಿ ಅವರಿಗೆ ನೆಗಡಿ ಆಗಿತ್ತು. ತಮ್ಮದೇ ಸಿಂಬಳವನ್ನ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗೆ ಹಾಕಿ ನೋಡಿದರು. ಅದು ಬಿದ್ದ ಕಡೆ ಬ್ಯಾಕ್ಟೀರಿಯಾ ಕರಗಿಹೋಯ್ತು. ಅದೇ ಲೈಸೋಜೈಮ್. ಬ್ಯಾಕ್ಟೀರಿಯಾದ ಗೋಡೆಯ ಗಾರೆ ಕೀಳುತ್ತೆ. ಇವತ್ತಿಗೂ ಚೀಸ್ ಕೆಡದ ಹಾಗೆ ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಹಾಕ್ತಾರೆ, ಲೇಬಲ್ ಮೇಲೆ ಇ1105 ಅಂತ ಇರುತ್ತೆ.

ಹೊಳೆನರಸೀಪುರ ನಾಟಿ ಕೋಳಿ | ಮಂಗಳವಾರ ಬೆಳಿಗ್ಗೆ 6.20

ಹಾಗಾದ್ರೆ ಜಿಮ್‌ಗೆ ಹೋಗೋ ಹುಡುಗರು ನನ್ನ ಹತ್ರ ನಾಟಿ ಮೊಟ್ಟೆ ತಗೊಂಡು ಹಸಿಯಾಗೇ ಒಡೆದು ಬಾಯಿಗೆ ಹಾಕ್ಕೊಳ್ಳೋದು ಸರಿನಾ?

ಪಶು ಕಾಲೇಜು ವಿದ್ಯಾರ್ಥಿನಿ, ಹಾಸನ | ಮಂಗಳವಾರ ಬೆಳಿಗ್ಗೆ 7.00

ಬೇಡ ಅಂತ ಹೇಳಿ ಅಣ್ಣಾ. ಸಾಲ್ಮೊನೆಲ್ಲಾ, ಇ. ಕೊಲೈ ಇಂಥ ಬ್ಯಾಕ್ಟೀರಿಯಾಗಳಿಗೆ ಗೋಡೆಯ ಹೊರಗೆ ಇನ್ನೊಂದು ಪದರ ಇರುತ್ತೆ. ಲೈಸೋಜೈಮ್‌ಗೆ ಆ ಗಾರೆ ಕೈಗೇ ಸಿಗಲ್ಲ. ಮೊಟ್ಟೆಯಿಂದ ಬರೋ ಮುಖ್ಯ ಕಾಯಿಲೆ ಸಾಲ್ಮೊನೆಲ್ಲಾನೇ. ಬೇಯಿಸಿ ತಿನ್ನಲಿ.

ಆಲೂರು ಹೈನುಗಾರ | ಮಂಗಳವಾರ ಬೆಳಿಗ್ಗೆ 7.45

ಎಲ್ಲರಿಗೂ ಥ್ಯಾಂಕ್ಸ್. ಹಸು ಇನ್ನೂ ಕರು ಹಾಕಿಲ್ಲ. ಅತ್ತಿಗೆಗೆ ಹೇಳಿದೆ, ಅವರು ಬಿಡೋ ಹಾಗೆ ಕಾಣಲ್ಲ. 'ಇದನ್ನ ಬೇಯಿಸಲ್ಲ, ಕಮ್ಮಿ ಬಿಸಿಯಲ್ಲಿ ಒಣಗಿಸ್ತಾರೆ, ಗುಣ ಹಾಗೇ ಇರುತ್ತೆ' ಅಂತ ವಾದ. ಇದಕ್ಕೇನು ಹೇಳೋದು?

ಚಿಕ್ಕಮಗಳೂರು ಮೆಡಿಕಲ್ ಅಂಗಡಿ | ಮಂಗಳವಾರ ಮಧ್ಯಾಹ್ನ 2.30

ಊಟದ ಹೊತ್ತು, ಅಂಗಡಿಯಲ್ಲಿ ಜನ ಕಮ್ಮಿ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಿಮ್ಮ ಅತ್ತಿಗೆಗೆ ಡಬ್ಬ ತಿರುಗಿಸಿ ನೋಡೋಕೆ ಹೇಳಿ. ಮುಂದೆ ಏನೇ ಬರೆದಿರಲಿ, ಇಂಥ ಪುಡಿಗಳ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್' ಅಂತ ಇರಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಅದು. ಔಷಧಿ ಅಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ. ನಮ್ಮ ಅಂಗಡಿಯಲ್ಲೂ ಇಂಥ ಡಬ್ಬಗಳಿವೆ, ಸುಳ್ಳು ಹೇಳಲ್ಲ. ಮಾತ್ರೆಗಿಂತ ಅದರಲ್ಲಿ ಲಾಭ ಜಾಸ್ತಿ.

ಕೋವಿಡ್ ಆದ ಮೇಲೆ ಗಿರಾಕಿಗಳು ಕೇಳೋ ರೀತಿಯೇ ಬದಲಾಗಿದೆ. ಮೊದಲು 'ಡಾಕ್ಟ್ರು ಇದನ್ನ ಬರ್ದವ್ರೆ' ಅಂತ ಚೀಟಿ ಕೊಡ್ತಿದ್ದರು. ಈಗ ಮೊಬೈಲ್ ತೋರಿಸಿ 'ಇದು ಇದೆಯಾ' ಅಂತಾರೆ. ತಮಾಷೆ ಏನು ಗೊತ್ತಾ, ಒಂದೇ ಗಿರಾಕಿ ಎರಡು ಥರ. ಮಗುವಿಗೆ ಡಾಕ್ಟರು ಬರೆದ ಆ್ಯಂಟಿಬಯೋಟಿಕ್ ಪೂರ್ತಿ ಕೊಡೋಕೆ ಭಯ, 'ನ್ಯಾಚುರಲ್ ಏನಾದ್ರೂ ಕೊಡಿ' ಅಂತಾರೆ. ಅವರಿಗೇ ಗಂಟಲು ನೋವು ಬಂದರೆ ಚೀಟಿ ಇಲ್ಲದೆ ಬಂದು 'ಮೂರು ದಿನದ್ದು ಕೊಟ್ಬಿಡಿ' ಅಂತಾರೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರೋದು ಸುಮ್ನೆ ಅಲ್ಲ, ಚೀಟಿ ಇಲ್ಲದೆ ಕೊಡಬಾರದು ಅಂತ. ಕೊಡಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗ್ತಾರೆ.

ಆ್ಯಂಟಿಬಯೋಟಿಕ್ ಸುಮ್ಮಸುಮ್ನೆ ನುಂಗೋಕೆ ಭಯ ಪಡೋದರಲ್ಲಿ ಅರ್ಥ ಇದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ 2019 ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 12.7 ಲಕ್ಷ ಜನ ಸತ್ತರು ಅನ್ನೋ ಅಂದಾಜಿದೆ. ಆದರೆ ಅದಕ್ಕೆ ಮದ್ದು ಚಮಚದ ಪುಡಿ ಅಲ್ಲ.

ಪಶು ಕಾಲೇಜು ವಿದ್ಯಾರ್ಥಿನಿ, ಹಾಸನ | ಮಂಗಳವಾರ ಸಂಜೆ 6.40

ಅತ್ತಿಗೆಯವರ ವಾದದಲ್ಲಿ ಅರ್ಧ ಸರಿ ಇದೆ. ಕಮ್ಮಿ ಬಿಸಿಯಲ್ಲಿ ಒಣಗಿಸಿದರೆ ಪ್ರತಿಕಾಯ ಉಳಿಯಬಹುದು. ಆದರೆ ದೊಡ್ಡವರ ಕರುಳು ಕರುವಿನದ್ದಲ್ಲ. ಹೊಟ್ಟೆಗೆ ಹೋದ ಪ್ರೋಟೀನಿನ ಬಹುಪಾಲು ಬೇಳೆಯ ಪ್ರೋಟೀನಿನ ಹಾಗೇ ಜೀರ್ಣ ಆಗುತ್ತೆ. ರಕ್ತಕ್ಕೆ ಪ್ರತಿಕಾಯವಾಗಿ ಹೋಗಲ್ಲ.

ಸ್ವಲ್ಪ ಪಾಲು ಜೀರ್ಣ ಆಗದೆ ಕರುಳಿನವರೆಗೂ ಹೋಗುತ್ತೆ, ಅಲ್ಲೇ ಕೆಲಸ ಮಾಡುತ್ತೆ. ಇದನ್ನ ಸರಿಯಾಗಿ ಬಳಸಿಕೊಂಡವರಿದ್ದಾರೆ. ಗಬ್ಬದ ಹಸುವಿಗೆ ಬೇಧಿ ತರೋ ಇ. ಕೊಲೈ ವಿರುದ್ಧ ಲಸಿಕೆ ಹಾಕಿ, ಅದರ ಗಿಣ್ಣಿನಿಂದ ಮಾತ್ರೆ ಮಾಡಿ ಪ್ರವಾಸ ಹೋಗೋರಿಗೆ ಆಸ್ಟ್ರೇಲಿಯಾದಲ್ಲಿ ಮಾರ್ತಾರೆ. ಅಲ್ಲಿ ರೋಗಾಣು ಯಾವುದು ಅಂತ ಗೊತ್ತು, ಹಸುವಿಗೆ ಅದರದ್ದೇ ಲಸಿಕೆ ಆಗಿದೆ, ಕೆಲಸ ಕರುಳಿನ ಒಳಗೇ. ನಮ್ಮ ಆಲೂರಿನ ಹಸುವಿಗೆ ಬೆಂಗಳೂರಿನ ನೆಗಡಿಯ ಪರಿಚಯ ಎಲ್ಲಿಂದ ಬರಬೇಕು?

ಲ್ಯಾಕ್ಟೋಫೆರಿನ್ ಮೇಲಂತೂ ತುಂಬಾ ಆಸೆ ಇತ್ತು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕೊಟ್ಟರೆ ಸೋಂಕು ಕಮ್ಮಿ ಆಗುತ್ತೆ ಅಂತ ಚಿಕ್ಕ ಚಿಕ್ಕ ಪ್ರಯೋಗಗಳಲ್ಲಿ ಕಂಡಿತ್ತು. ಬ್ರಿಟನ್ನಿನಲ್ಲಿ 2,200ಕ್ಕೂ ಹೆಚ್ಚು ಮಕ್ಕಳನ್ನ ಸೇರಿಸಿಕೊಂಡು ಎಲ್ಫಿನ್ ಅಂತ ದೊಡ್ಡ ಪ್ರಯೋಗ ಮಾಡಿದರು. 2019ರಲ್ಲಿ ಫಲಿತಾಂಶ ಬಂತು. ಹಸುವಿನ ಲ್ಯಾಕ್ಟೋಫೆರಿನ್ ಕೊಟ್ಟವರಲ್ಲಿ 29% ಮಕ್ಕಳಿಗೆ ಸೋಂಕು, ಕೊಡದವರಲ್ಲಿ 31%. ವ್ಯತ್ಯಾಸ ಇಲ್ಲ ಅನ್ನೋ ಲೆಕ್ಕ. ಅದನ್ನ ಓದಿದ ದಿನ ನನಗೇ ಬೇಜಾರಾಗಿತ್ತು, ಯಾಕಂದ್ರೆ ನನ್ನ ಸೆಮಿನಾರ್ ವಿಷಯವೇ ಅದು.

ಪ್ರಾಣಿಗಳ ಮೈಯಲ್ಲಿ ಇನ್ನೂ ಕೆಲವು ಕಾವಲುಗಾರರಿದ್ದಾರೆ. ಹಸುವಿನ ಬಿಳಿ ರಕ್ತಕಣದಲ್ಲಿ ಇಂಡೋಲಿಸಿಡಿನ್ ಅಂತ ಪುಟ್ಟ ಪೆಪ್ಟೈಡ್ (ಪ್ರೋಟೀನಿನ ಚೂರಿನಂಥದ್ದು) ಇದೆ, ಬರೀ 13 ಅಮೈನೋ ಆಮ್ಲದ್ದು. ಹಂದಿಯಲ್ಲಿ ಅಂಥದ್ದೇ ಪ್ರೊಟೆಗ್ರಿನ್ ಇದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನ ಚೆನ್ನಾಗಿ ಕೊಲ್ಲುತ್ತವೆ. ಮೈಯೊಳಗೆ ಹೋದರೆ ಬೇಗ ಒಡೆದುಹೋಗುತ್ತವೆ, ಕೆಲವು ನಮ್ಮ ಕೆಂಪು ರಕ್ತಕಣವನ್ನೂ ಒಡೆಯುತ್ತವೆ, ತಯಾರಿಸೋ ಖರ್ಚೂ ಜಾಸ್ತಿ. ಅದಕ್ಕೇ ಇನ್ನೂ ಔಷಧಿ ಅಂಗಡಿಗೆ ಬಂದಿಲ್ಲ.

ಗಿಡ್ಡ ತಳಿ ಅಭಿಮಾನಿ, ಕೊಪ್ಪ | ಮಂಗಳವಾರ ರಾತ್ರಿ 8.15

ನೀವೆಲ್ಲ ಎಚ್‌ಎಫ್ ಹಸುವಿನ ಲೆಕ್ಕ ಹೇಳ್ತಿದ್ದೀರಿ. ನಮ್ಮ ಮಲೆನಾಡು ಗಿಡ್ಡ ಕಾಡಲ್ಲಿ ನೂರಾರು ಥರದ ಸೊಪ್ಪು ಮೇಯುತ್ತೆ. ಅದರ ಹಾಲೇ ಔಷಧಿ. ಲ್ಯಾಕ್ಟೋಫೆರಿನ್ ಅದರಲ್ಲಿ ಜಾಸ್ತಿ ಅಂತ ಪೇಪರಲ್ಲೇ ಬಂದಿತ್ತು. ಮೇಲಾಗಿ ಅದು ಎ2 ಹಾಲು, ಅಂದರೆ ಎ1 ಬದಲು ಎ2 ಅನ್ನೋ ಥರದ ಪ್ರೋಟೀನು ಇರೋದು. ಗೋಮೂತ್ರದ ಬಗ್ಗೆಯೂ ಯಾಕೆ ಯಾರೂ ಮಾತಾಡ್ತಿಲ್ಲ?

ನಿವೃತ್ತ ಪಶುವೈದ್ಯ, ಅರಸೀಕೆರೆ | ಮಂಗಳವಾರ ರಾತ್ರಿ 8.50

ಗಿಡ್ಡ ನನಗೂ ಪ್ರೀತಿಯ ತಳಿ. ಕಾಯಿಲೆ ಕಮ್ಮಿ, ಮಳೆಗೆ ಹೆದರುವುದಿಲ್ಲ, ಖರ್ಚಿಲ್ಲ. ಅಷ್ಟು ಸಾಲದೇ? ಹಾಲಿನಲ್ಲಿ ಲ್ಯಾಕ್ಟೋಫೆರಿನ್ ಸ್ವಲ್ಪ ಜಾಸ್ತಿ ಇದೆ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಒಂದೆರಡು ಲೀಟರ್ ಕೊಡುವ ಹಸು. ಆ ಹಾಲನ್ನು ನೀವು ಕಾಯಿಸಿ, ಕಾಫಿಗೆ ಹಾಕಿ ಕುಡಿಯುತ್ತೀರಿ. ಉಳಿಯುವುದು ಎಷ್ಟು?

ಎ2 ವಿಷಯ: ಆಹಾರ ಪ್ರಾಧಿಕಾರ 2024ರ ಆಗಸ್ಟ್ 21ರಂದು ಪ್ಯಾಕೆಟ್ ಮೇಲೆ ಎ1, ಎ2 ಅಂತ ಬರೆಯಬಾರದು ಎಂದು ಆದೇಶ ಮಾಡಿತು. 26ಕ್ಕೆ ವಾಪಸ್ ತೆಗೆದುಕೊಂಡಿತು. ಐದು ದಿನ. ಬೇಡಿಕೆ ಇರುವ ಕಡೆ ಎಷ್ಟು ಜಗ್ಗಾಟ ಇರುತ್ತದೆ ನೋಡಿ.

ಮೂತ್ರದ ಬಗ್ಗೆ ಒಂದೇ ಮಾತು. ನಿಮ್ಮ ಕೊಪ್ಪ ಕಡೆಯೇ ಮಳೆಗಾಲದಲ್ಲಿ ಇಲಿಜ್ವರ ಬರುತ್ತದೆ. ಆ ರೋಗಾಣು ಇಲಿಯ ಮೂತ್ರದಲ್ಲಿ ಮಾತ್ರ ಅಲ್ಲ, ಸೋಂಕಿರುವ ದನದ ಮೂತ್ರದಲ್ಲೂ ಬರುತ್ತದೆ. ಕೊಟ್ಟಿಗೆ ತೊಳೆಯುವಾಗ ಕಾಲಲ್ಲಿ ಗಾಯ ಇದ್ದರೆ ಬೂಟು ಹಾಕಿ.

ವೇದಿಕೆ ನಿರ್ವಾಹಕ | ಮಂಗಳವಾರ ರಾತ್ರಿ 9.00

ಗೋಮೂತ್ರಕ್ಕೆ ಬೇರೆ ಚರ್ಚೆ ಇದೆ, 340 ಉತ್ತರ ಆಗಿ ಬೀಗ ಹಾಕಿದ್ದೇವೆ. ಇಲ್ಲಿ ಮತ್ತೆ ಶುರು ಮಾಡಬೇಡಿ ಪ್ಲೀಸ್.

ಮೂಡಿಗೆರೆ ಜೇನು | ಮಂಗಳವಾರ ರಾತ್ರಿ 9.40

ಹಸು, ಕೋಳಿ ಆಯ್ತು, ನನ್ನ ಸಾಕುಪ್ರಾಣಿಯನ್ನ ಮರೆತುಬಿಟ್ಟಿರಿ. ತುಡುವೆ ಜೇನು ಸ್ವಾಮಿ! 20 ಪೆಟ್ಟಿಗೆ ಇಟ್ಟಿದ್ದೇನೆ. ಜೇನು ತನ್ನ ತಲೆಯಲ್ಲಿರೋ ಗ್ರಂಥಿಯಿಂದ ತುಪ್ಪಕ್ಕೆ ಒಂದು ಕಿಣ್ವ ಸೇರಿಸುತ್ತೆ. ತುಪ್ಪ ಸ್ವಲ್ಪ ತೆಳುವಾದರೆ, ಅಂದರೆ ಗಾಯದ ಒದ್ದೆಗೆ ತಾಕಿದರೆ, ಅದು ನಿಧಾನವಾಗಿ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ. ಗಾಯ ತೊಳೆಯೋಕೆ ಹಾಕಿದರೆ ನೊರೆ ಬರುತ್ತಲ್ಲ, ಅದೇ. ಸಕ್ಕರೆ ಅಂಶ ಜಾಸ್ತಿ ಇರೋದರಿಂದ ನೀರನ್ನೂ ಎಳೆದುಕೊಳ್ಳುತ್ತೆ. ಸುಟ್ಟ ಗಾಯಕ್ಕೆ ಆಸ್ಪತ್ರೆಗಳಲ್ಲೇ ಜೇನಿನ ಪಟ್ಟಿ ಕಟ್ಟೋ ಕಡೆ ಇದೆ.

ಚಿಕ್ಕಮಗಳೂರು ಮೆಡಿಕಲ್ ಅಂಗಡಿ | ಮಂಗಳವಾರ ರಾತ್ರಿ 10.05

ಇವರು ಹೇಳಿದ್ದು ಸರಿ. ಮೇಲ್ಮೇಲಿನ ಸುಟ್ಟ ಗಾಯ ಜೇನಿನಿಂದ ಮಾಮೂಲಿ ಪಟ್ಟಿಗಿಂತ ಬೇಗ ಮಾಯುತ್ತೆ ಅಂತ 2015ರ ಕಾಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಹೇಳಿದೆ. ಆದರೆ ಆಸ್ಪತ್ರೆಯ ಜೇನು ಗಾಮಾ ಕಿರಣದಲ್ಲಿ ಶುದ್ಧ ಮಾಡಿದ್ದು. ಸಂತೆಯಲ್ಲಿ ತಂದ ಬಾಟಲಿಯದ್ದನ್ನ ಗಾಯಕ್ಕೆ ಸುರೀಬೇಡಿ, ಬೆಲ್ಲದ ಪಾಕ ಇದ್ದರೂ ಇರಬಹುದು. ಒಂದು ವರ್ಷದೊಳಗಿನ ಮಗುವಿನ ನಾಲಿಗೆಗೆ ಜೇನು ಮುಟ್ಟಿಸಲೇಬೇಡಿ, ನಾಮಕರಣದ ದಿನವೂ ಬೇಡ. ಬೊಟುಲಿಸಂ ಅನ್ನೋ ನರ ಸೋಲಿಸೋ ಕಾಯಿಲೆ ಬರಬಹುದು.

ಪ್ರಾಣಿಯ ಪ್ರತಿಕಾಯ ಅಂದರೆ ಬರೀ ಪುಡಿ ಅಲ್ಲ, ನೆನಪಿರಲಿ. ತೋಟದಲ್ಲಿ ನಾಗರಹಾವೋ ಕೊಳಕುಮಂಡಲವೋ ಕಚ್ಚಿದರೆ ಕೊಡೋ ಇಂಜೆಕ್ಷನ್ ಕುದುರೆಯ ರಕ್ತದ ಪ್ರತಿಕಾಯ. ಹುಚ್ಚುನಾಯಿ ಕಚ್ಚಿದ ಗಾಯಕ್ಕೆ ಹಾಕೋ ಸೀರಂನಲ್ಲೂ ಕುದುರೆಯದ್ದು ಇದೆ. ಅದನ್ನ ಯಾರೂ ರೀಲ್ಸ್‌ನಲ್ಲಿ ತೋರಿಸಲ್ಲ.

ಚನ್ನರಾಯಪಟ್ಟಣ ಗೃಹಿಣಿ | ಬುಧವಾರ ಬೆಳಿಗ್ಗೆ 10.20

ನಂದೊಂದು ಅನುಭವ. ಹೋದ ವರ್ಷ ನಮ್ಮ ಹಸುವಿಗೆ ಕೆಚ್ಚಲು ಬಾವು ಬಂತು. ಒಂದು ಮೊಲೆಯಲ್ಲಿ ಹಾಲು ಬರದೆ ಹಳದಿ ಗಟ್ಟಿ ಬರ್ತಿತ್ತು. ಔಷಧಿ ಮಾರುವವರೊಬ್ಬರು ಟ್ಯೂಬ್ ಕೊಟ್ಟರು, ಮೊಲೆತೊಟ್ಟಿಗೆ ಏರಿಸಿ ಅಂತ. ಎಷ್ಟು ದಿನ ಹಾಲು ಬಳಸಬಾರದು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ತೊಟ್ಟಿನ ಹಾಲನ್ನ ಮಾತ್ರ ಚೆಲ್ಲಿ ಉಳಿದಿದ್ದನ್ನ ಮನೆಗೆ ಬಳಸಿದೆ. ರಾತ್ರಿ ಹೆಪ್ಪು ಹಾಕಿದೆ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇದೆ. ಹೆಪ್ಪು ಸರಿ ಇಲ್ಲ ಅಂತ ಪಕ್ಕದ ಮನೆಯಿಂದ ಮೊಸರು ತಂದು ಹಾಕಿದೆ. ಮತ್ತೆ ಅದೇ ಕಥೆ. ಮೂರನೇ ದಿನ ಅತ್ತೆಯೇ ಹೇಳಿದರು, 'ಔಸ್ದಿ ಹಾಲಲ್ಲಿ ಇಳಿದದೆ ಕಣೇ' ಅಂತ.

ಮೊಸರಿನ ಹೆಪ್ಪನ್ನೇ ಕೊಂದ ಹಾಲನ್ನ ಮೂರು ದಿನ ನನ್ನ ಮಗಳಿಗೆ ಕುಡಿಸಿದ್ದೆ ಅಂತ ಆಮೇಲೆ ಹೊಟ್ಟೆ ಉರೀತು.

ನಿವೃತ್ತ ಪಶುವೈದ್ಯ, ಅರಸೀಕೆರೆ | ಬುಧವಾರ ಬೆಳಿಗ್ಗೆ 11.10

ತಾಯಿ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಒಂದು ತೊಟ್ಟಿಗೆ ಏರಿಸಿದರೂ ನಾಲ್ಕೂ ತೊಟ್ಟಿನ ಹಾಲು ಬಿಡಬೇಕು. ಎಷ್ಟು ದಿನ ಅಂತ ಟ್ಯೂಬಿನ ಪೊಟ್ಟಣದ ಮೇಲೇ ಇರುತ್ತದೆ. ಇಷ್ಟೊತ್ತು ಪುಡಿಯ ಬಗ್ಗೆ ಮಾತಾಡಿದೆವು. ಜನರ ಆರೋಗ್ಯಕ್ಕೆ ನಮ್ಮ ಕೊಟ್ಟಿಗೆಯಿಂದ ಆಗಬಹುದಾದ ದೊಡ್ಡ ಉಪಕಾರ ಇದೇ, ಔಷಧಿ ಇಳಿದ ಹಾಲನ್ನು ಕ್ಯಾನಿಗೆ ಸುರಿಯದಿರುವುದು. ಕೋಳಿಗೆ, ದನಕ್ಕೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಕೊಡುವುದನ್ನು 2019ರ ಜುಲೈನಲ್ಲಿ ಸರ್ಕಾರ ನಿಷೇಧಿಸಿತು. ಬೇರೆ ಯಾವ ಔಷಧಿಗೂ ಬಗ್ಗದ ಸೋಂಕಿಗೆ ಆಸ್ಪತ್ರೆಯಲ್ಲಿ ಕೊನೆಗೆ ಉಳಿದಿರುವ ಔಷಧಿ ಅದು. ಅದನ್ನು ಕೋಳಿ ಬೇಗ ದಪ್ಪ ಆಗಲಿ ಎಂದು ತಿನ್ನಿಸುತ್ತಿದ್ದರು.

ಬಾವು ಶುರುವಿನಲ್ಲೇ ಗೊತ್ತಾದರೆ ಎನ್‌ಡಿಡಿಬಿಯವರು (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಹೇಳುವ ಲೇಪ ಮಾಡಿ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿ. ಸ್ವಲ್ಪ ಸ್ವಲ್ಪ ನೀರಲ್ಲಿ ಕಲಸಿ, ಹಾಲು ಪೂರ್ತಿ ಹಿಂಡಿ ತೆಗೆದು, ಕೆಚ್ಚಲಿಗೆಲ್ಲಾ ದಿನಕ್ಕೆ ಎಂಟು ಹತ್ತು ಸಲ ಹಚ್ಚಿ. ಐದು ದಿನ. ಹಸುವಿಗೆ ಜ್ವರ ಇದ್ದರೆ, ಹಾಲಲ್ಲಿ ರಕ್ತ ಬಂದರೆ ಕಾಯಬೇಡಿ, ಡಾಕ್ಟರನ್ನು ಕರೆಸಿ.

ಬೇಲೂರು ಹುಡುಗ | ಬುಧವಾರ ಮಧ್ಯಾಹ್ನ 1.15

ಎಲ್ಲಾ ಸರಿ, ಆದ್ರೆ ಎಚ್‌ಎಫ್ ಮೊದಲ ದಿನವೇ ಎಂಟು ಲೀಟರ್ ಕೊಟ್ಟರೆ ಕರು ಎಲ್ಲಾ ಕುಡಿಯುತ್ತಾ ಡಾಕ್ಟ್ರೇ? ಮಿಕ್ಕಿದ್ದನ್ನ ಮಾರಿದರೆ ತಪ್ಪೇನು? ರೈತನಿಗೆ ನಾಲ್ಕು ಕಾಸು ಬರೋದು ಯಾರಿಗೂ ಆಗಲ್ಲ.

ನಿವೃತ್ತ ಪಶುವೈದ್ಯ, ಅರಸೀಕೆರೆ | ಬುಧವಾರ ಮಧ್ಯಾಹ್ನ 2.00

ಮಾರಬೇಡಿ ಅಂತ ನಾನೆಲ್ಲಿ ಹೇಳಿದೆ? ಕರುವಿನ ಪಾಲು ಅಳೆದು ತೆಗೆದಿಡಿ. ಮಿಕ್ಕಿದ್ದು ನಿಮ್ಮದು. ನಾನಾದರೆ ಮಾರುವ ಮೊದಲು ಎರಡು ಲೀಟರ್ ಫ್ರೀಜರಿನಲ್ಲಿ ಇಡುತ್ತಿದ್ದೆ. ಮುಂದಿನ ಹಸುವಿಗೆ ಗಿಣ್ಣೇ ಇಳಿಯದಿದ್ದರೆ, ಈಯುವಾಗ ತಾಯಿ ಸತ್ತರೆ, ಆಗ ಬೇಕಾಗುತ್ತದೆ.

ಆಲೂರು ಹೈನುಗಾರ | ಶುಕ್ರವಾರ ಬೆಳಿಗ್ಗೆ 9.30

ನಿನ್ನೆ ಬೆಳಗಿನ ಜಾವ ನಾಲ್ಕಕ್ಕೆ ಕರು ಹಾಕಿತು. ಹೆಣ್ಣು ಕರು! ಹಣೆಯಲ್ಲಿ ಬಿಳಿ ಬೊಟ್ಟು. ಮಾಸು ಇನ್ನೂ ಬಿದ್ದಿರಲಿಲ್ಲ, ಅಪ್ಪ 'ಬಿಡಬೇಡ' ಅಂತ ಗಲಾಟೆ ಮಾಡಿದರು. ಡಾಕ್ಟರು ಬರೆದಿದ್ದನ್ನ ಮೊಬೈಲಲ್ಲೇ ಓದಿ ಹೇಳಿದೆ. ಗೊಣಗಿಕೊಂಡು ಒಳಗೆ ಹೋದರು. ಕರು ನಿಲ್ಲೋಕೆ ತಡ ಮಾಡಿತು, ಅದಕ್ಕೇ ಕರೆದು ಬಾಟಲಿಯಲ್ಲಿ ಎರಡು ಲೀಟರ್ ಕುಡಿಸಿದೆ. ಹಾಲು ಅರಿಶಿನ ಕಲಸಿದ ಹಾಗೆ ಹಳದಿ, ಅಂಟು ಅಂಟು. ಆಮೇಲೆ ತಾಯಿ ಹತ್ತಿರ ಬಿಟ್ಟೆ, ತಾನೇ ಚೀಪಿತು. ಒಂಬತ್ತು ಗಂಟೆಗೆ ಮಾಸು ಬಿತ್ತು. ಅಪ್ಪ ಏನೂ ಮಾತಾಡಲಿಲ್ಲ.

ಬೈಕಿನವರು ಏಳಕ್ಕೇ ಬಂದಿದ್ದರು. ಕರುವಿನದು, ಫ್ರೀಜರಿಗೆ ಎರಡು ಲೀಟರ್, ಅಕ್ಕಪಕ್ಕದ ಮನೆಗೆ ಒಂದೊಂದು ಲೋಟ ತೆಗೆದು ಒಂದೂವರೆ ಲೀಟರ್ ಉಳಿದಿತ್ತು, ಅದನ್ನ ಕೊಟ್ಟೆ. 225 ರೂಪಾಯಿ ಬಂತು. ಅವರ ಮುಖ ಸಪ್ಪಗಾಯ್ತು.

ಡಾಕ್ಟ್ರೇ, ಒಂದು ಡೌಟು. ಫ್ರೀಜರಲ್ಲಿಟ್ಟಿದ್ದನ್ನ ಬೇಕಾದಾಗ ಹೇಗೆ ಕರಗಿಸೋದು? ಒಲೆ ಮೇಲೆ ಇಟ್ಟರೆ ಗಿಣ್ಣು ಆಗಿಬಿಡುತ್ತೆ ಅಲ್ವಾ? ಮನೆಯವಳು ಬೇರೆ ಐಸ್‌ಕ್ರೀಂಗೆ ಜಾಗ ಇಲ್ಲ ಅಂತ ಬೈತಿದ್ದಾಳೆ.

ನಿವೃತ್ತ ಪಶುವೈದ್ಯ, ಅರಸೀಕೆರೆ | ಶುಕ್ರವಾರ ಬೆಳಿಗ್ಗೆ 10.05

ಒಲೆ ಬೇಡ. ಬಾಟಲಿಯನ್ನು ಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಇಡಿ. ನಿಮ್ಮ ಕೈ ಇಟ್ಟರೆ ತಡೆಯುವಷ್ಟೇ ಬಿಸಿ ಇರಲಿ. ನೀರು ತಣ್ಣಗಾದರೆ ಬದಲಾಯಿಸಿ. ಬಾಟಲಿಯ ಮೇಲೆ ನಿನ್ನೆಯ ತಾರೀಕು ಬರೆದು ಅಂಟಿಸಿ, ಒಂದು ವರ್ಷ ಇಡಬಹುದು. ಆಗಾಗ ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿಯಾದರೆ ಪ್ರಯೋಜನ ಇಲ್ಲ, ನಿಮ್ಮ ಕಡೆ ಮಳೆಗಾಲದಲ್ಲಿ ಅದೊಂದು ಕಷ್ಟ.

ಅಜ್ಜಂಪುರದ ಅಕ್ಕ | ಶುಕ್ರವಾರ ಬೆಳಿಗ್ಗೆ 10.20

ಕರುವಿಗೆ ಏನು ಹೆಸರಿಟ್ಟಿರಿ?